ಖಾಲಿ ಎಂದು ಒತ್ತಲಿಲ್ಲ

ನಮ್ಮ ಆಫೀಸಿನಲ್ಲಿ ದಿನವಿಡೀ ಕೇಳುವ ಸದ್ದು ಸ್ಪೇಸ್‌ಬಾರಿನದು. ಹೆಬ್ಬೆರಳಿನ ಒಂದು ಟಕ್, ಮುಂದಿನ ಚಿತ್ರ. ಇನ್ನೊಂದು ಟಕ್, ಅದರ ಮುಂದಿನದು. ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಕೆಳಗೆ ಬ್ಲೌಸ್‌ಪೀಸಿನ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಅವರ ಮೇಲೆ ನಾವು. ಡಾಕ್ಟರು ಯಾರದೋ ದವಡೆ ಕೊರೆಯುವ ಸದ್ದು ನೆಲದಿಂದ ಮೇಲಕ್ಕೆ ಬಂದಾಗ ಮಾತ್ರ ನಮ್ಮ ಟಕ್‌ಟಕ್ ಸ್ವಲ್ಪ ಅಡಗುತ್ತದೆ.

ಅಲ್ಲಿ ನಡೆಯುವುದು ಕಂಪ್ಯೂಟರಿಗೆ ನೋಡುವುದನ್ನು ಕಲಿಸುವ ಕೆಲಸ. ಎಲ್ಲಿಂದಲೋ ರಾಶಿರಾಶಿ ಚಿತ್ರಗಳು ಬರುತ್ತವೆ. ಪ್ರತಿ ಚಿತ್ರದಲ್ಲಿ ಏನಿದೆ ಎಂದು ನಾವು ಚೌಕ ಎಳೆದು ಹೆಸರು ಬರೆಯುತ್ತೇವೆ. ಅದನ್ನು ನೋಡಿ ಕಂಪ್ಯೂಟರು ಕಲಿಯುತ್ತದೆ. ಕಿಟಕಿ ಪಕ್ಕದ ಮೇಜಿನವರಿಗೆ ರಸ್ತೆಯ ಚಿತ್ರಗಳು: ಆಟೊ, ಹಸು, ಸೈಕಲ್ಲು, ಮನುಷ್ಯ. ನಡುವಿನ ಮೇಜಿಗೆ ಎಲೆಗಳ ರೋಗ. ಗೋಡೆ ಪಕ್ಕದ ನನ್ನ ಮೇಜಿಗೆ ಬಂದದ್ದು ಸಮುದ್ರದ ತಳ.

ತಳ ಎಂದರೆ ಬಿಸಿಲು ಎಂದೂ ಇಳಿಯದಷ್ಟು ಆಳದ ತಳ. ಹಡಗಿನಿಂದ ಉದ್ದನೆಯ ಕೇಬಲ್ಲಿಗೆ ದೀಪವನ್ನೂ ಕ್ಯಾಮೆರಾವನ್ನೂ ಕಟ್ಟಿ ಇಳಿಬಿಟ್ಟು, ನೆಲಕ್ಕೆ ತಾಗದ ಹಾಗೆ ಎಳೆದುಕೊಂಡು ಹೋಗುತ್ತಾರೆ. ಅದು ನೆಟ್ಟಗೆ ಕೆಳಗೆ ನೋಡುತ್ತ ಫೋಟೊ ತೆಗೆಯುತ್ತ ಸಾಗುತ್ತದೆ. ಫೋಟೊದಲ್ಲಿ ಕಾಣುವುದು ಬೂದು ಬೆರೆತ ಕಂದು ಕೆಸರು, ಅದರ ಮೇಲೆ ಚೀಲ ಹರಿದು ಚೆಲ್ಲಿದ ಆಲೂಗಡ್ಡೆಯ ಹಾಗೆ ಕಪ್ಪು ಗಂಟುಕಲ್ಲುಗಳು. ಆ ಕಲ್ಲಿನೊಳಗೆ ಬ್ಯಾಟರಿಗೆ ಬೇಕಾದ ಲೋಹಗಳಿವೆಯಂತೆ. ದೊಡ್ಡ ಯಂತ್ರ ಇಳಿಸಿ ಅವನ್ನು ಬಾಚಿ ತೆಗೆಯಬೇಕು ಎನ್ನುವುದು ಚಿತ್ರ ಕಳಿಸಿದ ಪರದೇಶದ ಕಂಪನಿಯ ಆಸೆ. ಬಾಚುವ ಮೊದಲು ಅಲ್ಲಿ ಏನೇನು ಬದುಕಿದೆ ಎಂದು ಅವರು ವರದಿ ಕೊಡಬೇಕು. ಅದಕ್ಕಾಗಿ ನಾವು.

ನಿಯಮ ಸರಳ. ಪ್ರಾಣಿ ಕಂಡರೆ ಸುತ್ತ ಚೌಕ ಎಳೆಯಿರಿ. ಕಾಣದಿದ್ದರೆ ಸ್ಪೇಸ್‌ಬಾರ್ ಒತ್ತಿ. ಒತ್ತಿದ ಕೂಡಲೇ ಚಿತ್ರದ ಮೂಲೆಯಲ್ಲಿ ‘ಖಾಲಿ’ ಎನ್ನುವ ಹಸಿರು ಪಟ್ಟಿ ಬೀಳುತ್ತದೆ, ಚಿತ್ರ ಸರಿದು ಹೋಗುತ್ತದೆ. ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೀಯನ್ನು ಅದಕ್ಕೆ ಕೊಟ್ಟದ್ದು ಸುಮ್ಮನೆಯಲ್ಲ. ಹೆಚ್ಚಿನ ಚಿತ್ರಗಳು ಹಾಗೇ ಹೋಗುತ್ತವೆ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ನಾನು ಸಮುದ್ರ ಓದಿದವಳಲ್ಲ. ಹುಟ್ಟಿದ ಮನೆ ಶಂಕರಪುರಂ, ಸೇರಿದ ಮನೆ ಎನ್.ಆರ್. ಕಾಲೋನಿ, ಆಟೊದವರು ‘ಇಷ್ಟು ಹತ್ತಿರಕ್ಕೆ ಬರಲ್ಲಮ್ಮ’ ಎನ್ನುವ ದೂರ. ಪ್ರಾಣಿಶಾಸ್ತ್ರದಲ್ಲಿ ಎಂಎಸ್‌ಸಿ ಮಾಡಿ ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸೇರುವ ಮಕ್ಕಳು ಕಡಿಮೆಯಾಗಿ ವಿಭಾಗವನ್ನೇ ಮುಚ್ಚಿದರು. ಗಾಜಿನ ಬಾಟಲಿಗಳಲ್ಲಿದ್ದ ನಕ್ಷತ್ರಮೀನು, ಹುಳ, ಏಡಿಗಳನ್ನೆಲ್ಲ ಒಂದು ಮಧ್ಯಾಹ್ನ ಲಗೇಜ್ ಆಟೊಗೆ ಹೇರಿ ಎಲ್ಲಿಗೋ ಕಳಿಸಿದ್ದನ್ನು ನಿಂತು ನೋಡಿದೆ. ಆಮೇಲೆ ಕೆಲವು ವರ್ಷ ಮನೆ, ಅಡುಗೆ, ಅತ್ತೆಯ ಮಂಡಿನೋವು. ಸಮುದ್ರದ ಪ್ರಾಣಿಗಳ ಗುರುತು ಹಿಡಿಯುವವರು ಬೇಕು ಎಂದು ಯಾರೋ ಹೇಳಿದಾಗ ಹೋಗಿ ಕೂತೆ. ಆಫೀಸಿನಲ್ಲಿ ಎಲ್ಲರಿಗಿಂತ ದೊಡ್ಡವಳು ನಾನೇ. ಉಳಿದವರೆಲ್ಲ ಒಬ್ಬರಿಗೊಬ್ಬರು ‘ಮಗಾ’, ‘ಗುರು’. ನಾನು ಮಾತ್ರ ‘ಮೇಡಂ’.

ನಮಗೆ ಕೆಲಸ ಕಲಿಸಿಕೊಟ್ಟ ಮೊದಲ ವಾರದಲ್ಲೇ ನನಗೆ ಕಂಡಿತು. ಪ್ರಾಣಿ ಇಲ್ಲದ ಚಿತ್ರ. ಆದರೆ ಕೆಸರಿನ ಮೇಲೆ ಯಾರೋ ಚಕ್ಕುಲಿ ಒತ್ತಿದ ಹಾಗೆ ಒಂದು ಸುರುಳಿ, ಒಂದು ಸುತ್ತು ಇನ್ನೊಂದಕ್ಕೆ ತಾಗದೆ, ದಾಟದೆ. ಅದರ ಕೊನೆಯಲ್ಲಿ ಯಾರೂ ಇಲ್ಲ. ಮುಂದಿನ ಚಿತ್ರದಲ್ಲಿ ಒಂದು ತೂತು, ಅದರ ಸುತ್ತ ಎಲ್ಲ ದಿಕ್ಕಿಗೂ ಬೆರಳು ಎಳೆದಂಥ ಗೀರುಗಳು, ಮಗು ಬರೆದ ಸೂರ್ಯನ ಹಾಗೆ. ಇನ್ನೊಂದರಲ್ಲಿ ಶಾವಿಗೆಯ ಸಣ್ಣ ಗುಪ್ಪೆ. ಮತ್ತೊಂದರಲ್ಲಿ ಎರಡು ಸಾಲು ಚುಕ್ಕೆಗಳು, ಹೊಲಿಗೆ ಬಿಚ್ಚಿದ ಬಟ್ಟೆಯ ಹಾಗೆ, ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಪಕ್ಕದ ಹುಡುಗಿ ಎಲ್ಲಕ್ಕೂ ಟಕ್ ಟಕ್ ಟಕ್ ಟಕ್.

“ಇದೇನಮ್ಮ, ಇದು ಖಾಲಿ ಅಲ್ಲವಲ್ಲ,” ಎಂದೆ.

“ಮೇಡಂ, ಪ್ರಾಣಿ ಎಲ್ಲಿದೆ ತೋರಿಸಿ?”

“ಹೋಗಿದೆ.”

“ಹೋಗಿದ್ಮೇಲೆ ಖಾಲಿನೇ ಅಲ್ವಾ?”

ಅವಳ ಮಾತು ತಲೆಯಲ್ಲೇ ಉಳಿಯಿತು. ಮನೆಗೆ ಬಂದು ಓದತೊಡಗಿದೆ. ಈ ಗೆರೆಗಳನ್ನೇ ಅಧ್ಯಯನ ಮಾಡುವವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿ ಅವರ ಲೇಖನಗಳನ್ನು ಓದುತ್ತಿದ್ದೆ. ಚಕ್ಕುಲಿ ಬಿಡುವುದು ಒಂದು ಮೆತ್ತನೆಯ ಹುಳ. ಮುಂದೆ ಕೆಸರು ತಿನ್ನುತ್ತ, ಹಿಂದೆ ಬಿಡುತ್ತ, ತಾನು ತಿಂದ ಜಾಗಕ್ಕೆ ಮತ್ತೆ ಬಾಯಿ ಹಾಕದ ಹಾಗೆ ಸುತ್ತುತ್ತದೆ. ಅಲ್ಲಿಯ ಊಟ ಮುಗಿದರೆ ಹೊಟ್ಟೆ ಖಾಲಿ ಮಾಡಿಕೊಂಡು ನೀರಿನಲ್ಲಿ ತೇಲಿ ಬೇರೆ ಕಡೆಗೆ ಹೋಗುತ್ತದೆ. ಸೂರ್ಯ ಬರೆಯುವ ಹುಳ ಬಿಲದಿಂದ ಹೊರಗೇ ಬರುವುದಿಲ್ಲ. ಉದ್ದನೆಯ ನಾಲಗೆಯಂಥದ್ದನ್ನು ಚಾಚಿ ಸುತ್ತಲಿನ ಕೆಸರನ್ನು ಒಂದೊಂದು ಕಡೆಯಿಂದ ನೆಕ್ಕಿ ಒಳಗೆ ಎಳೆದುಕೊಳ್ಳುತ್ತದೆ. ಎಷ್ಟು ಫೋಟೊ ತೆಗೆದರೂ ಅದು ಸಿಗುವುದು ಅಪರೂಪ, ಸಿಗುವುದು ಅದರ ಗೀರು. ಶಾವಿಗೆ ಗುಪ್ಪೆ ಸಮುದ್ರಸೌತೆ ಎನ್ನುವ ಪ್ರಾಣಿಯ ಹಿಕ್ಕೆ, ಎರಡು ಸಾಲು ಚುಕ್ಕೆ ಅದು ನಡೆದುಹೋದ ದಾರಿ. ಅಲ್ಲಿ ಮೇಲಿನಿಂದ ಧೂಳು ಬೀಳುವುದು ಬಹಳ ನಿಧಾನ, ಅಲೆ ಇಲ್ಲ, ಗಾಳಿ ಇಲ್ಲ. ಆದ್ದರಿಂದ ಒಮ್ಮೆ ಎಳೆದ ಗೆರೆ ಬೇಗ ಅಳಿಯುವುದಿಲ್ಲ. ಪ್ರಾಣಿಗಳು ಕಡಿಮೆ, ಗೆರೆಗಳು ಹೆಚ್ಚು. ಆ ಊರಿನ ಜನಗಣತಿ ಮಾಡಬೇಕಾದರೆ ಜನರನ್ನು ಹುಡುಕಿ ಪ್ರಯೋಜನವಿಲ್ಲ.

ಓದಿದ್ದು ಸಾಲದು, ಕೈಗೂ ಗೊತ್ತಾಗಬೇಕು ಎನಿಸಿತು. ಅಕ್ಕಿರೊಟ್ಟಿಗೆ ಹಿಟ್ಟು ಜರಡಿ ಹಿಡಿದಾಗ ತಟ್ಟೆಯಲ್ಲಿ ಒಂದು ಪದರ ಹರಡಿ ಬೆರಳು ಎಳೆದು ನೋಡುತ್ತಿದ್ದೆ. ಬೆರಳು ನೆಟ್ಟಗೆ ಒತ್ತಿ ಎಳೆದರೆ ಎರಡು ಬದಿಗೂ ದಿಬ್ಬ ಏಳುತ್ತದೆ. ವಾರೆಯಾಗಿ ಎಳೆದರೆ ಒಂದೇ ಬದಿಗೆ. ಹಳೆಯ ಗೆರೆಯ ಮೇಲೆ ಹೊಸದು ಹಾಯ್ದರೆ ಹೊಸದರ ಅಂಚು ಚೂಪು, ಹಳೆಯದರದು ಮುಕ್ಕು. ಮೇಲೆ ಒಂದು ಚಿಟಿಕೆ ಹಿಟ್ಟು ಉದುರಿಸಿದರೆ ಹಳೆಯದಾಗುವುದು ಹೇಗೆ ಎಂದೂ ಕಾಣುತ್ತದೆ. ಮಾರನೆಯ ದಿನ ಪರದೆಯ ಮೇಲೆ ಕೆಸರು ನೋಡಿದಾಗ, ಯಾವುದು ನೆರಳು, ಯಾವುದು ಕ್ಯಾಮೆರಾದ ಕೆಳಗೆ ತೂಗುವ ಸರಪಳಿ ತಾಗಿ ಆದ ಗುರುತು, ಯಾವುದು ಜೀವದ್ದು ಎಂದು ಕಣ್ಣು ತಾನೇ ಬೇರೆ ಮಾಡುತ್ತಿತ್ತು. ಸರಪಳಿಗೆ ಹಸಿವಿಲ್ಲ. ಅದು ತಾನು ಹೋದ ದಾರಿಯನ್ನೇ ಮತ್ತೆ ತುಳಿಯುತ್ತದೆ. ಹಸಿದದ್ದು ಹಾಗೆ ಮಾಡುವುದಿಲ್ಲ.

“ಹಿಟ್ಟಲ್ಲಿ ಆಟ ಆಡೋ ವಯಸ್ಸೇನೆ ನಿಂದು? ರೊಟ್ಟಿ ಹಾಕು,” ಎಂದು ಅತ್ತೆ ಬಾಗಿಲಿಂದ ಹೇಳುತ್ತಿದ್ದರು.

ಯಜಮಾನರಿಗೆ ಇದೊಂದು ತಮಾಷೆ. ಬ್ಯಾಂಕಿನಿಂದ ಬಂದು ತಟ್ಟೆಯ ಮುಂದೆ ಕೂತ ಮೇಲೆಯೇ ಅವರಿಗೆ ಕೇಳಬೇಕು. “ಏನು, ಇವತ್ತು ಯಾರ್ಯಾರು ಕಕ್ಕ ಮಾಡಿದ್ರು?”

“ಊಟದ ಹೊತ್ತಲ್ಲಿ ಬೇಡ ಕಣೋ,” ಎಂದು ಅತ್ತೆ.

“ನಾನೆಲ್ಲಮ್ಮ, ನಿನ್ನ ಸೊಸೆ ಕೆಲಸಾನೇ ಅದು. ಎಂಎಸ್‌ಸಿ ಮಾಡಿರೋದು ಅದಕ್ಕೇನೆ.”

ನಾನು ಹುಳಿ ಬಡಿಸುತ್ತ, “ನೋಡಿದ್ರೆ ಗೊತ್ತಾಗತ್ತೆ ಯಾರು ಚೆನ್ನಾಗಿ ಊಟ ಮಾಡಿದಾರೆ ಅಂತ. ನಿಮ್ಮದು ಇನ್ನೂ ನೋಡಿಲ್ಲ,” ಎಂದೆ. ಅತ್ತೆಗೆ ನಗು ತಡೆಯಲಾಗದೆ ನೀರು ನೆತ್ತಿಗೆ ಹತ್ತಿತು.

ಕೀಬೋರ್ಡಿನಲ್ಲಿ ಇನ್ನೊಂದು ಕೀ ಇತ್ತು: ಅನುಮಾನದ ಕೀ. ಚಿತ್ರ ಮಬ್ಬಾಗಿದ್ದರೆ, ಕಂಡದ್ದು ಏನೆಂದು ತಿಳಿಯದಿದ್ದರೆ ಒತ್ತಬೇಕಾದ್ದು. ಒತ್ತಿದರೆ ಹಳದಿ ಪಟ್ಟಿ ಬಿದ್ದು, ಆ ಚಿತ್ರ ನಮ್ಮ ಕೈಬಿಟ್ಟು ಕಂಪನಿಯವರ ಕಡೆಗೆ ಹೋಗುತ್ತದೆ. ಅಲ್ಲಿ ಯಾರಾದರೂ ಅದನ್ನು ತೆರೆದು ನೋಡಿ ತೀರ್ಮಾನ ಹೇಳಬೇಕು. ಇಲ್ಲಿ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಒತ್ತಿದವರೇ ಬೇಕಾದರೆ ವಾಪಸ್ ತೆಗೆದುಕೊಳ್ಳಬಹುದು.

ಗೆರೆ ಕಂಡ ಪ್ರತಿ ಚಿತ್ರಕ್ಕೂ ನಾನು ಆ ಕೀ ಒತ್ತಿದೆ. ಪಕ್ಕದ ಸಣ್ಣ ಜಾಗದಲ್ಲಿ ‘ಸುರುಳಿ, ಹೊಸದು’, ‘ನಕ್ಷತ್ರ, ನಡುವೆ ತೂತು’, ‘ಎರಡು ದಾರಿ, ಒಂದರ ಮೇಲೊಂದು’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅನುಮಾನ ನನಗಿರಲಿಲ್ಲ. ಆದರೆ ಅನುಮಾನವಿಲ್ಲ, ಇಲ್ಲಿ ಯಾರೋ ಇದ್ದರು ಎಂದು ಹೇಳಲು ಅವರು ಕೀ ಕೊಟ್ಟಿರಲಿಲ್ಲ. ಇರುವುದರಲ್ಲಿ ಸುಳ್ಳಲ್ಲದ್ದು ಅದೊಂದೇ.

ನಮ್ಮ ಮ್ಯಾನೇಜರು ಶೇಷಾದ್ರಿಪುರಂ ಕಡೆಯ ಹುಡುಗ. ಹುಡುಗ ಎಂದರೆ ಮೂವತ್ತೈದು ದಾಟಿದೆ, ತಲೆ ಮುಂದಿನಿಂದ ಬೋಳಾಗುತ್ತಿದೆ. ಒಳ್ಳೆಯವನು. ಮೇಜಿನ ಮೇಲೆ ಯಾವಾಗಲೂ ಖಾರದ ಕಡಲೆಬೀಜದ ಪೊಟ್ಟಣ, ಬಂದವರಿಗೆಲ್ಲ ಕೊಡುತ್ತಾನೆ. ಒಂದು ದಿನ ಪೊಟ್ಟಣ ಹಿಡಿದು ನನ್ನ ಪಕ್ಕ ಕುರ್ಚಿ ಎಳೆದುಕೊಂಡ.

“ಮೇಡಂ, ನಿಮ್ಮ ಹಳದಿ ಜಾಸ್ತಿ ಆಗ್ಬಿಟ್ಟಿದೆ.”

“ಹೌದು.”

“ಅವರು ಕೇಳ್ತಿದಾರೆ. ಬೇರೆಯವರದ್ದೆಲ್ಲ ಹಸಿರಾಗಿ ಬರ್ತಿದೆ, ಇವರೊಬ್ಬರದ್ದೇ ಯಾಕೆ ಹೀಗೆ ಅಂತ.”

“ಬೇರೆಯವರು ಪ್ರಾಣಿ ನೋಡ್ತಿದಾರೆ. ನಾನು ನೆಲಾನೂ ನೋಡ್ತಿದೀನಿ.”

“ನೆಲ ನೋಡೋಕೆ ಹೇಳಿಲ್ವಲ್ಲ ಮೇಡಂ ನಮಗೆ.” ಕಡಲೆಬೀಜ ಮುಂದೆ ಚಾಚಿದ. “ನೋಡಿ, ನಾವು ಚೌಕ ಎಳೆಯೋರು. ಸೈನ್ಸ್ ಅವರು ಮಾಡ್ಕೋತಾರೆ.”

“ಮಾಡ್ಕೊಳ್ಳಲಿ. ನೋಡಿ ಮಾಡ್ಕೊಳ್ಳಲಿ ಅಂತಾನೇ ಕಳಿಸ್ತಿರೋದು.”

ಅವನು ಹಣೆ ಉಜ್ಜಿಕೊಂಡ. ಮುಂದಿನ ವಾರ ಆ ಕಂಪನಿಯವರ ಜೊತೆ ವಿಡಿಯೊ ಕಾಲ್ ಇದೆ, ನೀವೂ ಕೂರಬೇಕು, ದಯವಿಟ್ಟು ಅಲ್ಲಿ ಸ್ವಲ್ಪ ಮೆತ್ತಗೆ ಎಂದು ಹೇಳಿ ಎದ್ದ. ಎದ್ದವನು ತಿರುಗಿ, “ಈ ಪ್ರಾಜೆಕ್ಟ್ ನಂಬಿಕೊಂಡು ಏಳು ಜನ ಇದಾರೆ ಮೇಡಂ,” ಎಂದ. ಅದು ಬೆದರಿಕೆಯಲ್ಲ, ನಿಜ. ಅದೇ ನನಗೆ ಭಾರವಾದದ್ದು. ಮೆಟ್ರೊದಲ್ಲಿ ಕೂತು ಊರಿನ ಅಡಿಯಿಂದ ಮನೆಗೆ ಬರುವಾಗ ಅದನ್ನೇ ಯೋಚಿಸಿದೆ. ನಾನೊಬ್ಬಳು ಹಟ ಹಿಡಿದರೆ ಏಳು ಜನರ ಹೊಟ್ಟೆಯ ಮಾತು. ನಾನು ಒತ್ತಿಬಿಟ್ಟರೆ ಯಾರ ಹೊಟ್ಟೆಯ ಮಾತು? ಮುಖವಿಲ್ಲದ ಹುಳಗಳದ್ದು. ಅವು ಯಾರ ಮುಂದೆಯೂ ಕಡಲೆಬೀಜ ಹಿಡಿದು ಬಂದು ಕೂರುವುದಿಲ್ಲ.

ಆ ಭಾನುವಾರ ಸಬ್ಬಕ್ಕಿ ಸಂಡಿಗೆ. ಬಿಸಿಲು ಏರುವ ಮೊದಲು ಗಂಜಿ ಕಾಯಿಸಿ, ಹಸಿಮೆಣಸು, ಇಂಗು, ನಿಂಬೆಹುಳಿ ಹಾಕಿ, ಮಹಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು ಚಮಚದಲ್ಲಿ ಸಾಲಾಗಿ ಬಿಟ್ಟೆವು. ಅತ್ತೆಗೆ ಬಗ್ಗಲಾಗದು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು “ಆ ಸಾಲು ಸೊಟ್ಟ ಆಯ್ತು” ಎಂದು ಹೇಳುವ ಕೆಲಸ ಅವರದು. ಮಧ್ಯಾಹ್ನ ಊಟವಾಗಿ ಎಲ್ಲರೂ ಒಂದು ನಿದ್ದೆ ತೆಗೆದು ಮೇಲೆ ಹೋದರೆ ಬಾಗಿಲ ಕಡೆಯ ಸಾಲಿನಲ್ಲಿ ಸಂಡಿಗೆ ಇಲ್ಲ. ಹಾಳೆಯ ಮೇಲೆ ದುಂಡಗಿನ ಬಿಳಿ ಕಲೆಗಳು ಮಾತ್ರ, ಬಿಂದಿ ಎಬ್ಬಿಸಿದ ಜಾಗದ ಹಾಗೆ.

“ಅಳಿಲು,” ಎಂದರು ಅತ್ತೆ.

ಯಜಮಾನರು ಆಕಾಶ ನೋಡಿದರು. “ಕಾಗೆ ಇರ್ಬೇಕಮ್ಮ.”

ನಾನು ಕೂತು ನೋಡಿದೆ. ಅಳಿಲಾದರೆ ಅಂಚು ಕಡಿದು ಅರ್ಧ ಬಿಡುತ್ತಿತ್ತು. ಕಾಗೆಯಾದರೆ ಎಳೆದಾಡಿ ಪಕ್ಕದ್ದನ್ನೂ ಕೆಡಿಸುತ್ತಿತ್ತು, ಅಂಟಿನಲ್ಲಿ ಉಗುರಿನ ಗುರುತು ಇರುತ್ತಿತ್ತು. ಇದು ಒಂದೊಂದನ್ನೇ ಅಂಚಿನಿಂದ ಮೆಲ್ಲಗೆ ಎಬ್ಬಿಸಿದ್ದು. ಅದೂ ಬಾಗಿಲಲ್ಲಿ ನಿಂತು, ಬಿಸಿಲಿಗೆ ಕಾಲಿಡದೆ, ಕೈ ಎಟಕುವಷ್ಟು ದೂರದ್ದು ಮಾತ್ರ. ಮೇಲೆ ಪೊರೆ ಕಟ್ಟಿ ಒಳಗೆ ಇನ್ನೂ ಮೆತ್ತಗಿರುವ ಅರ್ಧ ಒಣಗಿದ ಸಂಡಿಗೆಯ ರುಚಿ ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ.

“ಯಾರು ಅಂತ ಹೇಳೋಕಾಗಲ್ಲ,” ಎಂದೆ.

ಯಜಮಾನರಿಗೆ ಧೈರ್ಯ ಬಂತು. “ಅದೇ ಮತ್ತೆ. ಗೊತ್ತಾಗಲ್ಲ ಅಂದ್ಮೇಲೆ ಬಿಟ್ಬಿಡಿ. ಆ ಕಡೆ ಹಾಕೇ ಇರಲಿಲ್ಲ ಅಂತ ತಿಳ್ಕೊಳ್ಳಿ.”

“ಹಾಕೇ ಇರಲಿಲ್ವಾ?” ಅತ್ತೆ ಸ್ಟೂಲಿನ ಮೇಲೆ ನೆಟ್ಟಗಾದರು. “ಬೆಳಗ್ಗೆಯಿಂದ ಕಣ್ಣಲ್ಲಿ ಕಣ್ಣಿಟ್ಟು ಕೂತಿದೀನಿ. ಯಾರು ಅಂತ ಗೊತ್ತಾಗಲಿಲ್ಲ ಅಂದ್ರೆ ಯಾರೂ ತಿಂದೇ ಇಲ್ಲ ಅಂತ ಆಗ್ಬಿಡತ್ತೇನೋ? ಈ ಕಲೆ ಏನು ಹಾಗಾದ್ರೆ, ಆಕಾಶದಿಂದ ಬಿತ್ತಾ?”

“ಹೋಗ್ಲಿ ಬಿಡಮ್ಮ, ನಾಲ್ಕು ಸಂಡಿಗೆ.”

“ಸಂಡಿಗೆ ಹೋಗ್ಲಿ. ಇರಲೇ ಇಲ್ಲ ಅನ್ಬೇಡ.”

ನಾನು ಇಟ್ಟಿಗೆ ಸರಿಪಡಿಸುತ್ತ ಕೂತಿದ್ದವಳು ಹಾಗೇ ಕೂತೆ. ಪಕ್ಕದ ಹುಡುಗಿಗೆ ಕೊಡಲಾಗದ ಉತ್ತರ ನನ್ನ ಮಹಡಿಯ ಮೇಲೇ ಇತ್ತು, ಸಬ್ಬಕ್ಕಿಯ ಒಂದು ಕಾಳಾಗಿ ಯಜಮಾನರ ಗಲ್ಲಕ್ಕೆ ಅಂಟಿಕೊಂಡಿತ್ತು. ಕಾಳಿನ ವಿಷಯ ನಾನು ಹೇಳಲಿಲ್ಲ. ಅತ್ತೆಯ ಕಣ್ಣು ಚೆನ್ನಾಗಿಯೇ ಇದೆ, ಅವರೂ ಹೇಳಲಿಲ್ಲ.

ವಿಡಿಯೊ ಕಾಲಿನಲ್ಲಿ ಬಂದವರು ವಯಸ್ಸಾದ ಒಬ್ಬ ವಿಜ್ಞಾನಿ, ಮರ್ಯಾದಸ್ಥರು. ನನ್ನ ಟಿಪ್ಪಣಿಗಳನ್ನು ಓದಿದ್ದೇನೆ, ತಪ್ಪಿಲ್ಲ ಎಂದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಈ ಸುರುಳಿ ಯಾವ ಜಾತಿಯ ಪ್ರಾಣಿಯದು ಎಂದು ನೀವು ಹೇಳಬಲ್ಲಿರಾ?” ಎಂದು ಕೇಳಿದರು.

“ಇಲ್ಲ. ಬೇರೆ ಬೇರೆ ಜಾತಿಯವು ಒಂದೇ ಥರ ಗೆರೆ ಬಿಡಬಹುದು. ಒಂದೇ ಪ್ರಾಣಿ ಹಲವು ಥರ ಬಿಡಬಹುದು.”

“ಹಾಗಾದರೆ ನಮ್ಮ ಕೋಷ್ಟಕದಲ್ಲಿ ಅದನ್ನು ಎಲ್ಲಿ ಬರೆಯಲಿ?”

“ಯಾರು ತಿಂದರು ಎಂದು ಗೊತ್ತಿಲ್ಲ. ತಿಂದದ್ದಂತೂ ಗೊತ್ತು,” ಎಂದೆ. ಮ್ಯಾನೇಜರು ಮೇಜಿನ ಕೆಳಗೆ ನನ್ನ ಕಡೆಗೆ ಕೈ ಆಡಿಸಿ ಮೆತ್ತಗೆ, ಮೆತ್ತಗೆ ಎಂದು ಸನ್ನೆ ಮಾಡಿದ.

ಗೆರೆ ಹಳೆಯದಿರಬಹುದು, ಪ್ರಾಣಿ ಎಂದೋ ಹೋಗಿರಬಹುದು ಎಂದರು ಅವರು. ಇರಬಹುದು ಎಂದೆ. ಅದಕ್ಕಾಗಿ ಒಂದು ಚಿತ್ರ ತೆಗೆದು ತೋರಿಸಿದೆ. ಮುಕ್ಕಾದ ಒಂದು ದಾರಿ, ಅದರ ಮೇಲೆ ಹಾಯ್ದ ಇನ್ನೊಂದು, ಅದನ್ನೂ ಕತ್ತರಿಸಿ ಹೋದ ಮೂರನೆಯದು, ಅದರ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. “ಒಂದು ಎಂದೋ ಹೋಗಿದೆ. ಆಮೇಲೆ ಇನ್ನೊಂದು ಬಂದಿದೆ. ಆಮೇಲೆ ಮತ್ತೊಂದು. ಬಂದುಹೋಗುವವರು ಇರುವ ಜಾಗವನ್ನು ನಾವು ಖಾಲಿ ಅನ್ನುವುದಿಲ್ಲ.”

“ನಮ್ಮ ಲೆಕ್ಕದಲ್ಲಿ ಖಾಲಿ ಎಂದರೆ ಪ್ರಾಣಿ ಕಾಣಲಿಲ್ಲ ಎಂದಷ್ಟೇ ಅರ್ಥ.”

“ಹಾಗಾದರೆ ಪ್ರಾಣಿ ಕಾಣಲಿಲ್ಲ ಎಂದು ಬರೆಯಿರಿ. ಖಾಲಿ ಎಂದು ಬರೆದರೆ ನಿಮ್ಮ ಲೆಕ್ಕ ನಿಮಗೆ ಗೊತ್ತು. ವರದಿ ಓದಿ ಯಂತ್ರ ಇಳಿಸಿ ಎನ್ನುವವರಿಗೆ ಗೊತ್ತಿರುವುದಿಲ್ಲ.”

ಅವರು ನನ್ನ ಮಾತನ್ನು ಬರೆದುಕೊಂಡರು. ಸಿಟ್ಟಾದ ಹಾಗೆ ಕಾಣಲಿಲ್ಲ. ಕೆಲಸ ಅರ್ಧ ನಡೆದ ಮೇಲೆ ಪಟ್ಟಿಯ ಹೆಸರುಗಳನ್ನು ಬದಲಿಸಲು ಬರುವುದಿಲ್ಲ, ಅದು ತಮ್ಮೊಬ್ಬರ ಕೈಯಲ್ಲಿಲ್ಲ, ಹಳದಿ ಪಟ್ಟಿಗಳನ್ನು ಬೆಂಗಳೂರಿನಲ್ಲೇ ಇತ್ಯರ್ಥ ಮಾಡಿ ಕಳಿಸಬೇಕು ಎಂದರು. ಆಮೇಲೆ ವಂದನೆ ಹೇಳಿದರು. ಪರದೆಯಲ್ಲಿ ನಮ್ಮಿಬ್ಬರ ಮುಖ ಮಾತ್ರ ಉಳಿಯಿತು.

ಇತ್ಯರ್ಥ ಎಂದರೆ ನಾನು ವಾಪಸ್ ತೆಗೆದುಕೊಳ್ಳುವುದು. ಅದಕ್ಕೂ ಒಂದು ಬಟನ್ ಇತ್ತು, ಒಂದೇ ಬಾರಿಗೆ ಎಲ್ಲವನ್ನೂ. ನಾನು ತೆಗೆದುಕೊಂಡರೆ ಆ ಚಿತ್ರಗಳೆಲ್ಲ ಪಕ್ಕದ ಮೇಜಿಗೆ ಹೋಗಿ, ಟಕ್ ಟಕ್ ಎಂದು ಹಸಿರಾಗಿ, ಆ ತಳವೆಲ್ಲ ಖಾಲಿ ಎಂದು ವರದಿಯಲ್ಲಿ ಸೇರುತ್ತದೆ. ಮ್ಯಾನೇಜರು ನಾಳೆ ಸಂಜೆಯವರೆಗೆ ಯೋಚಿಸಿ ಎಂದ.

ಮನೆಯಲ್ಲಿ ಹೇಳಿದೆ. ಯಜಮಾನರು, “ಒಂದು ಬಟನ್ ಅಲ್ವೇನೆ? ನೀನು ಒತ್ತದಿದ್ರೆ ಇನ್ನೊಬ್ಬರು ಒತ್ತಾರೆ. ಸಮುದ್ರ ಎಲ್ಲಿ, ಎನ್.ಆರ್. ಕಾಲೋನಿ ಎಲ್ಲಿ,” ಎಂದರು. ಈ ಬಾರಿ ತಮಾಷೆಗಲ್ಲ. ಕಷ್ಟಪಟ್ಟು ಹುಡುಕಿಕೊಂಡ ಕೆಲಸ ಹೋಗುತ್ತದಲ್ಲ ಎಂಬ ಚಿಂತೆಗೆ.

ಅತ್ತೆ ಸಂಡಿಗೆ ಡಬ್ಬಿಗೆ ತುಂಬುತ್ತಿದ್ದರು. “ಕೆಲಸ ಹೋದ್ರೆ ಹೋಗ್ಲಿ. ಮನೇಲಿರು, ಸಂಡಿಗೆ ಕಾಯೋಕೆ ಒಬ್ಬರು ಬೇಕು,” ಎಂದರು, ಮಗನ ಕಡೆ ನೋಡದೆ.

ಮಾರನೆಯ ಸಂಜೆ ನಾನೇ ಹೋಗಿ ಮ್ಯಾನೇಜರ ಮೇಜಿನ ಮುಂದೆ ನಿಂತೆ.

“ತೆಗೆದುಕೊಳ್ಳಲ್ಲಪ್ಪ.”

“ಮೇಡಂ...”

“ಬೇರೆಯವರ ಚಿತ್ರ ನಾನು ಮುಟ್ಟಿಲ್ಲ, ಮುಟ್ಟಲ್ಲ. ಅವರ ಕೆಲಸಕ್ಕೆ ಅಡ್ಡ ಬಂದಿಲ್ಲ. ನಾನು ನೋಡಿದ್ದನ್ನ ನೋಡಿಲ್ಲ ಅಂತ ಮಾತ್ರ ಒತ್ತಲ್ಲ.”

“ನಿಮಗೇನು ಮೇಡಂ ಆ ಹುಳದ ಮೇಲೆ ಅಷ್ಟು ಪ್ರೀತಿ?”

“ಪ್ರೀತಿ ಏನಿಲ್ಲಪ್ಪ. ಅದರ ಮುಖಾನೇ ನೋಡಿಲ್ಲ ನಾನು. ಆದ್ರೆ ಅದು ಇತ್ತು.”

ಅವನು ಕಡಲೆಬೀಜದ ಪೊಟ್ಟಣ ಮಡಚಿ ರಬ್ಬರ್‌ಬ್ಯಾಂಡ್ ಹಾಕಿದ. “ಈ ಪ್ರಾಜೆಕ್ಟಿಂದ ನಿಮ್ಮನ್ನ ತೆಗೀಬೇಕಾಗತ್ತೆ.”

“ತೆಗಿ.”

“ಏನಂತ ಬರೀಲಿ ಅವರಿಗೆ?”

“ಇದ್ದದ್ದನ್ನೇ ಬರಿ. ಇವರು ಒಪ್ಪಲಿಲ್ಲ ಅಂತ. ನಿಮ್ಮಲ್ಲೇ ಯಾರಾದ್ರೂ ತೆರೆದು ನೋಡಿ, ಖಾಲಿ ಅನ್ನಿಸಿದ್ರೆ ನಿಮ್ಮ ಕೈಯಾರೆ ಒತ್ತಿಕೊಳ್ಳಿ ಅಂತ.”

ಅವನು ಬರೆದ. ಬರೆಯುವಾಗ ನನ್ನನ್ನು ನೋಡಲಿಲ್ಲ, ಆದರೆ ಕಳಿಸುವ ಮೊದಲು ಪರದೆ ನನ್ನ ಕಡೆ ತಿರುಗಿಸಿದ. ಒಂದು ಸಾಲು ಹೆಚ್ಚಿಗೆ ಬರೆದಿದ್ದ: ಇವರ ಬೇರೆ ಯಾವ ಗುರುತೂ ಇದುವರೆಗೆ ತಪ್ಪಾಗಿಲ್ಲ ಎಂದು. ಪ್ರಾಜೆಕ್ಟು ಹೋಗಲಿಲ್ಲ. ಪಕ್ಕದ ಹುಡುಗಿಯ ಮೇಜಿನಲ್ಲಿ ಟಕ್‌ಟಕ್ ನಡೆದೇ ಇತ್ತು. ನನ್ನ ಕಂಪ್ಯೂಟರಿನಿಂದ ಸಮುದ್ರ ಹೋಯಿತು. ನನ್ನನ್ನು ಕಿಟಕಿ ಪಕ್ಕದ ರಸ್ತೆಯ ಮೇಜಿಗೆ ಹಾಕಿದರು.

ಅಲ್ಲಿ ಕೂತರೆ ಒಳ್ಳೆಯ ಗಾಳಿ. ಆಟೊಗೆ ಚೌಕ, ಹಸುವಿಗೆ ಚೌಕ. ಸಮುದ್ರ ನೆನಪಾಗುತ್ತಿರಲಿಲ್ಲ ಎಂದರೆ ಸುಳ್ಳು. ಮಳೆಗಾಲ ಬಂದು ಸಂಡಿಗೆ ಡಬ್ಬಿ ಅರ್ಧಕ್ಕೆ ಇಳಿದ ಕಾಲಕ್ಕೆ ಒಂದು ದಿನ ಮ್ಯಾನೇಜರು ಬಂದು ಕಿಟಕಿಯ ಕಟ್ಟೆಗೆ ಒರಗಿ ನಿಂತ.

“ನಿಮ್ಮ ಹಳದಿಗಳು ಇನ್ನೂ ಹಳದಿಯಾಗೇ ಇದೆ ಮೇಡಂ.”

“ಯಾರೂ ನೋಡಿಲ್ವಾ?”

“ನೋಡ್ತಿದಾರೆ. ಒಂದೊಂದೇ ತೆರೀತಿದಾರೆ, ಇಲ್ಲಿಂದ ಕಾಣತ್ತೆ ನಂಗೆ. ತೆರೀತಾರೆ, ಸುಮಾರು ಹೊತ್ತು ಇಟ್ಕೊಂಡಿರ್ತಾರೆ, ಮುಚ್ತಾರೆ. ಹಸಿರು ಯಾರೂ ಒತ್ತಿಲ್ಲ.”

“ವರದಿ?”

“ಅಷ್ಟು ಜಾಗ ಬಿಟ್ಟು ಉಳಿದಿದ್ದಕ್ಕೆ ವರದಿ ಕೊಟ್ಟಿದಾರಂತೆ. ಆ ಜಾಗಕ್ಕೆ ಇನ್ನೂ ತೀರ್ಮಾನ ಆಗಿಲ್ಲ ಅಂತ ಬರ್ದಿದಾರೆ.”

ತೀರ್ಮಾನ ಆಗಿಲ್ಲ. ಆ ಮಾತನ್ನು ಮನೆಗೆ ಬರುವವರೆಗೆ ಇಟ್ಟುಕೊಂಡಿದ್ದೆ. ನಾಳೆ ಯಾರಾದರೂ ಒತ್ತಬಹುದು. ಒತ್ತುವವರು ಆ ಚಕ್ಕುಲಿಯನ್ನು ಒಮ್ಮೆ ಪೂರ್ತಿ ನೋಡಿಯೇ ಒತ್ತಬೇಕು. ನೋಡಿಯೂ ಖಾಲಿ ಎಂದು ಒತ್ತುವ ಕೆಲಸ ನನ್ನಿಂದ ಆಗಲಿಲ್ಲ, ಇನ್ನು ಮುಂದೆಯೂ ಆಗದು. ಅಷ್ಟು ನೆಲಕ್ಕೆ ಖಾಲಿ ಎಂಬ ಹೆಸರು ನನ್ನ ಬೆರಳಿನಿಂದ ಬೀಳುವುದಿಲ್ಲ.

ಮೊನ್ನೆ ರಸ್ತೆಯ ಮೇಜಿನಲ್ಲಿ ಒಂದು ಚಿತ್ರ ಬಂತು. ನಮ್ಮ ಕಡೆಯದೇ ಇರಬೇಕು, ಹಳೆಯ ಮನೆ, ಕೆಂಪು ಕಾವಿ ಬಳಿದ ಜಗಲಿ, ಅರ್ಧ ತೆರೆದ ಬಾಗಿಲು. ನಿಯಮ ಅದೇ: ಮನುಷ್ಯರು, ವಾಹನ, ಪ್ರಾಣಿ ಕಂಡರೆ ಚೌಕ; ಇಲ್ಲದಿದ್ದರೆ ಸ್ಪೇಸ್‌ಬಾರ್. ಮನುಷ್ಯರಿಲ್ಲ, ವಾಹನವಿಲ್ಲ. ಮೆಟ್ಟಿಲ ಕೆಳಗೆ ಒಂದಷ್ಟು ಜೊತೆ ಚಪ್ಪಲಿ, ಒಂದು ಮಗುವಿನದು, ಒಂದರ ಮೇಲೊಂದು ಹತ್ತಿಕೊಂಡು. ಎಲ್ಲರೂ ಒಳಗೆ ಊಟಕ್ಕೆ ಕೂತಿರಬೇಕು.

ಹೆಬ್ಬೆರಳು ಸ್ಪೇಸ್‌ಬಾರಿನ ಮೇಲಿತ್ತು. ತೆಗೆದು, ಅನುಮಾನದ ಕೀ ಒತ್ತಿದೆ. ಹಳದಿ ಪಟ್ಟಿ ಬಿತ್ತು.

ಆ ಕಡೆಯ ಮೇಜಿನಿಂದ ಕಡಲೆಬೀಜ ಅಗಿಯುವ ಸದ್ದು ನಿಂತಿತು.

“ಮೇಡಂ,” ಎಂದ. “ಅಲ್ಲೂ ಶುರು ಮಾಡಿದ್ರಾ?”

“ನೀನೇ ಬಂದು ನೋಡಪ್ಪ,” ಎಂದೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.